ಬೇಸ್ ಗಿಟಾರಿನ ವಾಲ್ಯೂಮ್ ಏರಿಸಿದವಳು

"ನನ್ನ ಮೇಲೆ ನಿಮಗೇನ್ರೀ ಅಷ್ಟು ಸಿಟ್ಟು?"

ವಿರಾಜಪೇಟೆಯ ಮದುವೆ ಹಾಲ್‌ನಲ್ಲಿ, ಬೇಸ್ ಗಿಟಾರನ್ನು ಕೊರಳಿಂದ ಇಳಿಸದೆಯೇ ವೇದಿಕೆಯಿಂದ ಕೆಳಗೆ ಬಂದ ಶಶಿಕುಮಾರ್, ಸೌಂಡ್ ಮಿಕ್ಸರ್ ಮುಂದೆ ಕುಳಿತಿದ್ದ ಶ್ವೇತಳನ್ನು ಕೇಳಿದ.

ಅವಳ ಮುಖ ಕೆಂಪಾಯಿತು. ಉತ್ತರ ಗೊತ್ತಿತ್ತು. ಆದರೆ ಅದನ್ನು ಹೇಳುವುದಕ್ಕಿಂತ ಬೈಸಿಕೊಳ್ಳುವುದೇ ಸುಲಭವಾಗಿತ್ತು.

ಮೂರ್ನಾಡಿನಲ್ಲಿ ಬೋಜಪ್ಪನವರ ಮೈಕ್ ಸೆಟ್ ಅಂಗಡಿ ಎಂದರೆ ಎಲ್ಲರಿಗೂ ಗೊತ್ತು. ಎರಡು ವರ್ಷದಿಂದ ಅದರ ಕಾರ್ಯಕ್ರಮಗಳಿಗೆಲ್ಲ ಹೋಗುವವಳು ಮಗಳು ಶ್ವೇತ. ಎಷ್ಟೋ ಬ್ಯಾಂಡ್‌ಗಳಿಗೆ ವೈರ್ ಎಳೆದಿದ್ದಳು, ಯಾವ ವಾದ್ಯಕ್ಕೂ ಮನಸ್ಸು ಕೊಟ್ಟವಳಲ್ಲ.

ಆ ಬೆಳಿಗ್ಗೆ ಮಾತ್ರ ಕಥೆ ಬೇರೆಯಾಯಿತು. ಕುಶಾಲನಗರದಿಂದ ಬಂದ ರಾಕ್ ಬ್ಯಾಂಡ್‌ನ ಶಶಿ ಚೀಲದಿಂದ ಬೇಸ್ ಗಿಟಾರ್ ತೆಗೆದ. ನಾಲ್ಕೇ ತಂತಿ, ಉದ್ದನೆಯ ಕತ್ತು, ಅವನ ಕೈ ಉಜ್ಜಿ ಉಜ್ಜಿ ಪಾಲಿಶ್ ಹೋದ ಕಂದು ಮರ. ದಪ್ಪ ತಂತಿಯನ್ನು ಒಮ್ಮೆ ಮೀಟಿದ. ಆ ಸದ್ದು ಕಿವಿಗೆ ಬರುವ ಮೊದಲೇ ವೇದಿಕೆಯ ಹಲಗೆಯಿಂದ ಅವಳ ಅಂಗಾಲಿಗೆ ಬಂತು. ಅಲ್ಲಿಂದ ನೇರ ಎದೆಗೆ.

'ಅಬ್ಬಾ... ಇಷ್ಟು ದಿನ ಇದನ್ನು ಕೇಳದೆ ಹೇಗಿದ್ದೆ ನಾನು?'

ಅವನು ಗಿಟಾರನ್ನು ಸ್ಟ್ಯಾಂಡ್‌ನಲ್ಲಿ ಇಟ್ಟಾಗ, ತಂತಿ ಮುಟ್ಟಿ ನೋಡಲು ಕೈ ಚಾಚಿದಳು. "ಮುಟ್ಟಬೇಡಿ!" ಎಂದು ಕೂಗಿಬಿಟ್ಟ. ಮಂಟಪಕ್ಕೆ ಹೂ ಕಟ್ಟುತ್ತಿದ್ದವರೆಲ್ಲ ತಿರುಗಿ ನೋಡಿದರು.

'ದೊಡ್ಡ ಜಂಬದವನು...' ಎಂದುಕೊಂಡಳು ಶ್ವೇತ. ಆದರೂ ಹಾಡು ಶುರುವಾದಾಗ ಬೆರಳು ಅವಳ ಮಾತು ಕೇಳಬೇಕಲ್ಲ? ಮೊದಲ ಹಾಡಿನಿಂದಲೇ ಬೇಸ್‌ನ ವಾಲ್ಯೂಮ್ ಏರಿಸುತ್ತ ಹೋದಳು.

ಮೂರನೇ ಹಾಡಿನಲ್ಲಿ ಶಶಿ ತಪ್ಪಿದ. ಬೇರೆ ದಿನವಾಗಿದ್ದರೆ ಡ್ರಮ್ಸ್ ಗಲಾಟೆಯಲ್ಲಿ ಮುಚ್ಚಿಹೋಗುತ್ತಿದ್ದ ತಪ್ಪು ಇಡೀ ಹಾಲ್‌ಗೆ ಕೇಳಿಸಿತು. ಹಾಡುತ್ತಿದ್ದ ನಿರಂಜನ್ ಅರ್ಧಕ್ಕೆ ನಿಲ್ಲಿಸಿ ದುರುಗುಟ್ಟಿ ನೋಡಿದ. ಜನ ನಕ್ಕರು. ಬೆಳಿಗ್ಗೆ ಕೂಗಿದ್ದಕ್ಕೆ ಅವಳು ಸೇಡು ತೀರಿಸಿಕೊಂಡಳೆಂದೇ ಶಶಿ ನಂಬಿದ. ಇನ್ನು ಈ ಮೈಕ್ ಸೆಟ್ ಇರುವ ಕಡೆ ಕಾಲಿಡುವುದಿಲ್ಲವೆಂದು ಹೇಳಿ ಹೋದ.

ಆಮೇಲೆ ಅಂಗಡಿಯಲ್ಲಿ ಸ್ಪೀಕರ್ ಪರೀಕ್ಷಿಸುವಾಗಲೆಲ್ಲ ಶ್ವೇತ ಬೇಸ್ ಏರಿಸುವಳು. ಹಿಂದಿನ ಅಡುಗೆಮನೆಯಲ್ಲಿ ತಟ್ಟೆ ಲೋಟ ನಡುಗಿ ಅಮ್ಮ ಸರೋಜ ಗೊಣಗುವರು. ಆದರೆ ಆ ಸದ್ದು ಮಾತ್ರ ಬರಲಿಲ್ಲ. 'ಇನ್ನೆಂದೂ ಅವನು ನುಡಿಸುವುದು ಕೇಳುವುದಿಲ್ಲವಾ? ಕೊನೆಯವರೆಗೂ ನನ್ನನ್ನು ಕೆಟ್ಟವಳೆಂದೇ ತಿಳಿದಿರುತ್ತಾನಾ?' ಇದೊಂದೇ ಯೋಚನೆ ಅವಳನ್ನು ಕಾಡಿತು.

ಒಂದು ತಿಂಗಳ ಮೇಲೆ ಕಕ್ಕಬೆಯ ಹೋಮ್‌ಸ್ಟೇ ಒಂದರಲ್ಲಿ ಅದೇ ಬ್ಯಾಂಡ್. ಜೀಪಿನಿಂದ ಕೊನೆಗೆ ಇಳಿದವನು ಶಶಿ! ಅವಳಿಗೆ ಹೋದ ಜೀವ ಬಂದಂತಾಯಿತು. ಈ ಸಲ ಅವನಿಗೆ ಅವಮಾನ ಆಗಬಾರದೆಂದು ಬೇಸ್ ಅನ್ನು ಪೂರ್ತಿ ತಗ್ಗಿಸಿದಳು. ಅವನು ವೇದಿಕೆಯಿಂದ ಏರಿಸಿ ಎಂದು ಸನ್ನೆ ಮಾಡಿದ. ಅವಳು ತಲೆ ತಗ್ಗಿಸಿ ಕುಳಿತಳು.

ಎರಡು ಹಾಡು ಮುಗಿದು ಕಾಫಿಗೆ ಬಿಟ್ಟಾಗ ಅವನು ನೇರ ಅವಳ ಹತ್ತಿರ ಬಂದ.

"ನನ್ನ ಸದ್ದು ಎಲ್ಲಿ ಹೋಯ್ತು?"

"ಮತ್ತೆ ನಿಮ್ಮ ಮರ್ಯಾದೆ ಹೋಗುದು ಬೇಡ ಅಂತ..."

ಶಶಿ ಪಕ್ಕದ ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಳಿತ. ಆ ಮದುವೆಯ ವಿಡಿಯೋ ಯಾರೋ ಕಳಿಸಿದ್ದರಂತೆ. ಬ್ಯಾಂಡ್ ಸೇರಿ ಮೂರು ವರ್ಷವಾದರೂ ಯಾವ ವಿಡಿಯೋದಲ್ಲೂ ಅವನ ಗಿಟಾರ್ ಕೇಳಿಸಿದ್ದಿಲ್ಲ, ಅದರಲ್ಲಿ ಮೊದಲ ಸಲ ಕೇಳಿಸಿತು. ಅದೂ ಮೊದಲ ಹಾಡಿನಿಂದಲೇ. ಸೇಡಿಗೆ ಏರಿಸಿದ್ದಾದರೆ, ತಪ್ಪು ಮಾಡುತ್ತೇನೆಂದು ಇವಳಿಗೆ ಮೊದಲೇ ಕನಸು ಬಿದ್ದಿತ್ತೇ ಎಂದು ಆಗ ಹೊಳೆಯಿತಂತೆ. ಕೂಗಿದ್ದಕ್ಕೂ ಕಾರಣ ಹೇಳಿದ. ಅವಳು ಕೈ ಚಾಚುವ ಸ್ವಲ್ಪ ಮೊದಲು ತಂತಿಯಲ್ಲಿ ಅವನಿಗೆ ಶಾಕ್ ಹೊಡೆದಿತ್ತು. ಹಾಲ್‌ನ ಎಲೆಕ್ಟ್ರಿಷಿಯನ್ ಆಮೇಲೆ ಸರಿ ಮಾಡಿದ್ದ.

ಶ್ವೇತಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಒಂದು ತಿಂಗಳಿಂದ ಹೊತ್ತಿದ್ದ ಭಾರ ಇಳಿದು ಹೋಯಿತು.

"ಹಾಗಾದ್ರೆ ಅವತ್ತು ಯಾಕೆ ಏರಿಸಿದ್ರಿ?" ಎಂದು ಶಶಿ ಕೇಳಿದ.

"ನಂಗೆ ಕೇಳ್ಬೇಕಿತ್ತು. ಮೊದಲು ಗಿಟಾರ್... ಆಮೇಲೆ ನಿಮ್ಮನ್ನು. ನೀವು ತಪ್ಪು ನುಡಿಸಿದ್ದೂ ಇಷ್ಟ ಆಯ್ತು, ಎಂತ ಮಾಡುದು?"

ಅವನ ಕಿವಿ ಕೆಂಪಾಗಿದ್ದನ್ನು ಅವಳು ನೋಡಿದಳು.

"ಎರಡು ಸಲ ಮೂರ್ನಾಡಿಗೆ ಬಂದಿದ್ದೆ," ಎಂದ ಮೆಲ್ಲಗೆ. "ಕ್ಷಮೆ ಕೇಳೋಣ ಅಂತ. ಅಂಗಡೀಲಿ ನಿಮ್ಮಪ್ಪ ಇದ್ರು. ಹೆದರಿ, ಮೈಕ್‌ಗೆ ಹಾಕೋ ಸೆಲ್ ತಗೊಂಡು ವಾಪಸ್ ಹೋದೆ. ನನ್ ಹತ್ರ ಮೈಕೇ ಇಲ್ಲ."

ಶ್ವೇತ ದುಪಟ್ಟದಿಂದ ಕಣ್ಣೊರೆಸಿಕೊಂಡಳು. ವೇದಿಕೆಯಿಂದ ನಿರಂಜನ್ ಕರೆಯುತ್ತಿದ್ದ.

"ಸೋಮವಾರ ಬನ್ನಿ," ಎಂದಳು.

"ಅವತ್ತು ನಿಮ್ಮಪ್ಪ ಇರಲ್ವಾ?"

"ಇರ್ತಾರೆ. ಅದಕ್ಕೇ ಸೋಮವಾರ ಬನ್ನಿ ಅಂದದ್ದು."