ಎಡಗಡೆಯಿಂದ ನಾಲ್ಕು ಗೋಲು

“ಕ್ವಾಕ್, ಕ್ವಾಕ್! ಬಂತು ನೋಡ್ರೋ ಹೆಬ್ಬಾತಿನ ಬ್ರೆಡ್ಡು!”

ಲುಬೋರ್ ಮೂಗು ಮುಂದೆ ಚಾಚಿ ಮೂಸಿದ. ವ್ಲಾಸ್ತಾ ಗಡಿಬಿಡಿಯಿಂದ ಕಾಗದವನ್ನು ಮತ್ತೆ ಸುತ್ತಿದಳು. ಆದರೆ ಬ್ರೆಡ್ಡಿಗೆ ಸವರಿದ್ದ ಹೆಬ್ಬಾತಿನ ಕೊಬ್ಬಿನ ವಾಸನೆ ಆಗಲೇ ಕ್ಲಾಸ್ ತುಂಬಿತ್ತು.

“ನಮ್ಮ ಚಿಕ್ಕಮ್ಮ ಕಳಿಸಿದ್ದು ಕಣೋ. ಸೇಂಟ್ ಮಾರ್ಟಿನ್ ಹಬ್ಬಕ್ಕೆ ಎಲ್ರೂ ಹೆಬ್ಬಾತು ತಿಂತಾರಲ್ಲ, ಪ್ರತಿ ವರ್ಷ ಕಳಿಸ್ತಾರೆ.”

“ಆಹಾ! ಭಾನುವಾರ ನಿಮ್ಮಪ್ಪ ಪ್ರಾಗಿನ ಟೀಮಿಗೆ ನಾಲ್ಕು ಗೋಲು ಬಿಟ್ಟ. ಹಬ್ಬಕ್ಕೆ ಮನೇಲಿ ಹೆಬ್ಬಾತು. ಪ್ರಾಗಿನ ಟೀಮಿನವರು ಯಾವಾಗಿಂದ ನಿಂಗೆ ಚಿಕ್ಕಮ್ಮ ಆದ್ರು?”

ಇಡೀ ಕ್ಲಾಸು ನಕ್ಕಿತು.

ಲುಬೋರನ ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ವ್ಲಾಸ್ತಾಳ ಅಪ್ಪ ಹಿನೆಕ್ ಆ ಮೇಸ್ತ್ರಿಯ ಕೈಕೆಳಗೆ ಕುಲುಮೆಯಲ್ಲಿ ದುಡಿಯುತ್ತಿದ್ದ. ಭಾನುವಾರ ಮಾತ್ರ ಅವನು ಊರಿನ ಟೀಮಿನ ಗೋಲ್‌ಕೀಪರ್. ಒಂಬತ್ತು ವರ್ಷ ಆ ಗೋಲನ್ನು ಅವನೇ ಕಾದಿದ್ದ. ಅದು 1931ರ ನವೆಂಬರ್. ಕಾರ್ಖಾನೆಯಲ್ಲಿ ದಿನಕ್ಕೊಬ್ಬರ ಕೆಲಸ ಹೋಗುತ್ತಿತ್ತು.

ವ್ಲಾಸ್ತಾ ಮನೆಗೆ ಬಂದಾಗ ಅಮ್ಮ ಅಪ್ಪನ ಗೋಲ್‌ಕೀಪರ್ ಸ್ವೆಟರಿನ ಹೆಣಿಗೆ ಬಿಚ್ಚುತ್ತಿದ್ದಳು. ಸೋಮವಾರವೇ ಅಪ್ಪನನ್ನು ಟೀಮಿನಿಂದ ತೆಗೆದಿದ್ದರು. ಹಸಿರು ಉಣ್ಣೆ ಉಂಡೆಯಾಗುತ್ತಿತ್ತು. ಕಾಲುಚೀಲಕ್ಕೆ ಆಗುತ್ತದಂತೆ.

ವ್ಲಾಸ್ತಾ ಸೀದಾ ಹೋಗಿ, ಊಟಕ್ಕೆ ಕೂತಿದ್ದ ಅಪ್ಪನ ಎಡಪಕ್ಕದಲ್ಲಿ ನಿಂತಳು.

“ಅಪ್ಪಾ, ನೀನು ಬೇಕಂತ್ಲೇ ಬಿಟ್ಯಾ?”

ಅಪ್ಪ ಆಲೂಗಡ್ಡೆ ಸೂಪಿನಿಂದ ತಲೆ ಎತ್ತಲಿಲ್ಲ.

“ಹೇಳಪ್ಪಾ! ನಾಲ್ಕೂ ಎಡಗಡೆಯಿಂದ್ಲೇ ಬಂತು. ನೀನು ಕೈ ಕೂಡ ಎತ್ತಲಿಲ್ಲ!”

ಅಪ್ಪ ಇನ್ನೊಂದು ಚಮಚ ಸೂಪು ಕುಡಿದ. ವ್ಲಾಸ್ತಾಳಿಗೆ ಸಿಟ್ಟು ತಡೆಯಲಾಗಲಿಲ್ಲ. ಉಣ್ಣೆಯ ಉಂಡೆಯನ್ನು ಕಿತ್ತುಕೊಂಡು ಎಸೆದಳು.

ಅದು ಅಪ್ಪನ ಎಡಗೆನ್ನೆಗೆ ಬಡಿಯಿತು. ಬಡಿಯುವವರೆಗೂ ಅವನ ರೆಪ್ಪೆ ಅಲುಗಲಿಲ್ಲ. ಹಾರುವ ನೊಣವನ್ನು ಒಂದೇ ಕೈಯಲ್ಲಿ ಹಿಡಿಯುತ್ತಿದ್ದ ಅಪ್ಪ!

ಅಮ್ಮನ ಕೈ ನಿಂತಿತು. ಉಂಡೆ ಉರುಳುತ್ತಾ ಒಲೆಯ ಹತ್ತಿರ ಹೋಯಿತು.

“ಆಗಸ್ಟ್‌ನಲ್ಲಿ ಆಡುವಾಗ ಎಡಗಣ್ಣಿಗೆ ಬೂಟ್ ತಗಲ್ತಲ್ಲ,” ಅಪ್ಪ ಮೆಲ್ಲಗೆ ಹೇಳಿದ. “ಆವತ್ತಿಂದ ಈ ಕಡೆ ಏನೂ ಕಾಣಲ್ಲ.”

“ಹಾಗಂತ ಹೇಳಿಬಿಡು! ಎಲ್ರೂ ನಿನ್ನ ಕಳ್ಳ ಅಂತಿದ್ದಾರೆ.”

“ಕಳ್ಳನ್ನ ಟೀಮಿಂದ ಮಾತ್ರ ತೆಗೀತಾರೆ, ಮರೀ. ಒಕ್ಕಣ್ಣನ್ನ ಕುಲುಮೆಯಿಂದ್ಲೂ ತೆಗೀತಾರೆ.”

ಮರುದಿನ ಮತ್ತೆ ಶುರುವಾಯಿತು. “ಕ್ವಾಕ್, ಕ್ವಾಕ್!”

ಪಕ್ಕದಲ್ಲಿ ಕೂರುವ ಗೆಳತಿ ಯಾರ್ಕಾಗೆ ರೇಗಿತು. “ಸುಮ್ನಿರೋ ಲುಬೋರ್! ಪಾಪ, ಇವಳ ಅಪ್ಪಂಗೆ ಎಡಗಣ್ಣು ಕಾಣಿಸಲ್ಲ ಅನ್ಸುತ್ತೆ. ಗೋಲ್ ಕಂಬಕ್ಕೆ ಡಿಕ್ಕಿ ಹೊಡ್ಕೊಂಡ್ರು, ನಾನೇ ನೋಡಿದೆ. ಅಲ್ವೇನೇ ವ್ಲಾಸ್ತಾ?”

ಲುಬೋರನ ನಗು ನಿಂತಿತು. “ಹೌದಾ? ನಮ್ಮಪ್ಪಂಗೆ ಹೇಳ್ತೀನಿ ಇರು.”

ಹೌದು ಅಂದರೆ ಸಾಕಿತ್ತು. ಈ ಕ್ವಾಕ್ ಕ್ವಾಕ್ ಇವತ್ತಿಗೇ ಮುಗಿಯುತ್ತಿತ್ತು.

“ಕಣ್ಣಿಗೇನಾಗಿದೆ? ಚೆನ್ನಾಗೇ ಇದೆ!” ವ್ಲಾಸ್ತಾ ಕಿರುಚಿದಳು. “ನಮಗೆ ಹೆಬ್ಬಾತು ಬೇಕಿತ್ತು. ಅದಕ್ಕೇ ಬಿಟ್ರು. ಏನೀಗ?”

ಅವಳೇ ಕಾಗದ ಬಿಚ್ಚಿ, ಎಲ್ಲರ ಎದುರಿಗೂ ಬ್ರೆಡ್ಡನ್ನು ಕಚ್ಚಿದಳು. ಲುಬೋರನನ್ನೇ ನೋಡುತ್ತಾ ಅಗಿದಳು.

“ನೋಡಿದ್ಯಾ? ನಾನು ಹೇಳ್ಲಿಲ್ವಾ!” ಲುಬೋರ್ ಕುಣಿದ. ಯಾರ್ಕಾ ತನ್ನ ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು.

ಮಧ್ಯಾಹ್ನ ಕಾರ್ಖಾನೆಯ ಸೈರನ್ ಕೂಗಿತು. ವ್ಲಾಸ್ತಾ ಕಾಯುತ್ತಿದ್ದ ಗೇಟಿನಿಂದ ಅಪ್ಪ ಹೊರಬಂದ. ಗುಂಪಿನಲ್ಲಿ ಯಾರೋ ದೊಡ್ಡವರೇ “ಕ್ವಾಕ್” ಅಂದರು. ಅಪ್ಪ ತಿರುಗಿ ನೋಡಲಿಲ್ಲ.

ವ್ಲಾಸ್ತಾ ಯಾವಾಗಲೂ ಅಪ್ಪನ ಬಲಗೈ ಹಿಡಿದು ನಡೆಯುವವಳು. ಇವತ್ತು ಸುತ್ತಿ ಬಂದು ಎಡಗೈ ಹಿಡಿದಳು. ಅಪ್ಪ ಒಂದು ಗಳಿಗೆ ನಿಂತ. ಆಮೇಲೆ ಮತ್ತೆ ನಡೆದ.

ಎಡಗಡೆಯ ಮೂಲೆಯಲ್ಲಿ ಕಲ್ಲಿದ್ದಲಿನ ಗಾಡಿ ತಿರುಗಿತು.

“ಗಾಡಿ, ಅಪ್ಪಾ,” ಅಂದಳು, ಬೇರೆ ಯಾರಿಗೂ ಕೇಳಿಸದ ಹಾಗೆ.