ಕಾಡುಕೋಕೋ ಮರದ ಚಿತ್ರ

"ಕೈ ಯಾಕೆ ಬಚ್ಚಿಟ್ಕೊಂಡ್ರಿ?"

ಮುಳಬಾಗಿಲಿನ ಆ ಮನೆಯ ಹೊಸ್ತಿಲಲ್ಲಿ, ಒಣಗಿದ ಗಿಡಗಳ ಕಟ್ಟು ಹಿಡಿದು ನಿಂತ ಕದಿರೇಶ ಮೊದಲು ಕೇಳಿದ್ದೇ ಇದು. ಆದಿಲಕ್ಷ್ಮಿ ಕೈಯನ್ನು ಸೆರಗಿನೊಳಗೆ ಇನ್ನಷ್ಟು ಸರಿಸಿದಳು. ಬೆರಳಿಗೆಲ್ಲ ಹಸಿರು ಬಣ್ಣ ಹತ್ತಿತ್ತು...

ಅದು 1938. ಅವಳ ಅಪ್ಪ ವೆಂಕಟರಾಯಪ್ಪ ಬೆಂಗಳೂರಿನ ಸಸ್ಯತೋಟವೊಂದಕ್ಕೆ ಗಿಡಮರಗಳ ಚಿತ್ರ ಬರೆಯುವವರು. ಎರಡು ವರ್ಷದಿಂದ ಅವರ ಕೈ ನಡುಗುತ್ತಿತ್ತು. ಕೆಲಸ ಹೋದೀತೆಂದು, ಅಪ್ಪ ಹೇಳಿಕೊಟ್ಟಂತೆ ಮಗಳೇ ಗುಟ್ಟಾಗಿ ಬರೆಯುತ್ತಿದ್ದಳು. ಕೆಳಗೆ ಹೆಸರು ಅಪ್ಪನದು. ಯಾರಾದರೂ ಕಂಡಾರೆಂದು ಅವಳು ಕಿಟಕಿಯನ್ನೂ ತೆರೆಯುತ್ತಿರಲಿಲ್ಲ.

ತೋಟದಿಂದ ಮಾದರಿ ತಂದು, ಚಿತ್ರ ಒಯ್ಯುವ ಕೆಲಸ ಕದಿರೇಶನದು. ಬಂದಾಗಲೆಲ್ಲ ಅವನ ಕಣ್ಣು ಅವಳನ್ನೇ ಹುಡುಕುತ್ತಿತ್ತು. ಅವಳೂ ಒಳಗಿಂದ ಅವನ ದನಿಗೆ ಕಾಯುತ್ತಿದ್ದಳು. ಆರು ತಿಂಗಳಾದ ಮೇಲೆ ಅವನು ಹೆಣ್ಣು ಕೇಳಿದ.

ಅವಳು ಒಲ್ಲೆನೆಂದಳು.

'ನಾನು ಹೊರಟರೆ ಅಪ್ಪನ ಗತಿ? ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ...'

ತನ್ನನ್ನು ಕೀಳಾಗಿ ಕಂಡಳೆಂದುಕೊಂಡ ಕದಿರೇಶ ಬರುವುದನ್ನೇ ಬಿಟ್ಟ. ಮಾದರಿಗಳು ಅಂಚೆಯಲ್ಲಿ ಬರತೊಡಗಿದವು. ಒಮ್ಮೆ ಪರದೇಶದ ಕಾಡುಕೋಕೋ ಮರದ ರೆಂಬೆ, ಹೂವು, ಕಾಯಿ ಬಿಡಿಬಿಡಿಯಾಗಿ ಬಂದವು. ಅಪ್ಪ ಜ್ವರದಲ್ಲಿ ಮೈಮರೆತು ಮಲಗಿದ್ದರು. ಕೇಳೋಣವೆಂದರೆ ಯಾರೂ ಇಲ್ಲದೆ, ತನಗೆ ತೋಚಿದಂತೆ ಬರೆದು ಕಳಿಸಿದಳು.

ಹತ್ತನೇ ದಿನ ಚಿತ್ರ ಹಿಡಿದು ಕದಿರೇಶ ತಾನೇ ಬಂದ.

"ಈ ಕಾಯಿ ಕೊಂಬೆ ತುದೀಲಿ ಬಿಡಲ್ಲ. ಹಲಸಿನ ಹಾಗೆ ಕಾಂಡಕ್ಕೇ ಅಂಟ್ಕೊಂಡಿರುತ್ತೆ. ನಿಮ್ಮಪ್ಪ ಹೋದ ವರ್ಷ ತೋಟದಲ್ಲಿ ಆ ಮರದ ಮುಂದೇನೇ ನಿಂತಿದ್ರು. ಅವರು ಹೀಗೆ ತಪ್ಪಲ್ಲ... ಇದನ್ನ ಬರೆದೋರು ಮರಾನೇ ನೋಡಿಲ್ಲ."

ಸುಳ್ಳು ಹೇಳಬಹುದಿತ್ತು. ಆದರೆ ಅವಳಿಗೆ ಸಾಕಾಗಿತ್ತು.

"ನಾನೇ. ಎಲ್ಲಾನೂ ನಾನೇ ಬರೆದಿದ್ದು. ಅದಕ್ಕೇ ನಿಮ್ಮನ್ನ ಒಲ್ಲೆ ಅಂದಿದ್ದು."

ಗೋಡೆ ಹಿಡಿದು ಬಂದ ವೆಂಕಟರಾಯಪ್ಪನವರ ಕಿವಿಗೆ ಆ ಮಾತು ಬಿತ್ತು. ಅವಳು ಒಲ್ಲೆನೆಂದದ್ದು ತಮಗಾಗಿಯೆಂದು ಅವರಿಗೆ ಆವರೆಗೆ ಗೊತ್ತಿರಲಿಲ್ಲ. "ನನ್ನ ಹೆಸರಿಗೆ ನಿನ್ನ ಬಾಳು ಸವೆಸಬೇಡ ಕಣಮ್ಮ," ಎಂದವರು ಅಂದೇ ತೋಟಕ್ಕೆ ನಿಜ ತಿಳಿಸಿ ಕಾಗದ ಬರೆಸಿದರು. ಅವರ ಕೆಲಸ ಹೋಯಿತು. ತಿಂಗಳ ಮೇಲೆ ಅಧಿಕಾರಿಗಳು, ಕೋಕೋ ಚಿತ್ರವನ್ನು ಮಗಳೇ ಬಂದು ತಿದ್ದಿಕೊಡಲಿ ಎಂದು ಹೇಳಿಕಳಿಸಿದರು.

ಹತ್ತಿರದ ಕುರುಡುಮಲೆಯ ಗುಡಿಯಲ್ಲಿ ಅವಳಿಗೂ ಕದಿರೇಶನಿಗೂ ಮದುವೆಯಾಯಿತು. ಮರುವಾರ ಮೂವರೂ ಬೆಂಗಳೂರಿನ ಬಸ್ಸು ಹತ್ತಿದರು.

ತೋಟದಲ್ಲಿ, ಕಾಂಡದ ತುಂಬ ಕಾಯಿ ಹೊತ್ತ ಆ ಮರದ ಮುಂದೆ ಅವಳು ಹಾಳೆ ಹರಡಿ, ಕದಿರೇಶನತ್ತ ತಿರುಗಿದಳು.

"ನನ್ನ ಮೇಲೆ ಕೋಪ ಇತ್ತಾ?"

"ಇತ್ತು. ದಿನಾ ಇತ್ತು."

"ಈಗ?"

"ಈಗ ನಿಮ್ಮಪ್ಪನ್ನ ನೆರಳಲ್ಲಿ ಕೂರಿಸಿ ಬರ್ತೀನಿ," ಎಂದ ಕದಿರೇಶ. "ನೀನು ಶುರು ಮಾಡು."