ವೀರಮ್ಮ ಮಾತಾಡಿದ ಟೇಕ್‌ಗಳು

"ಎರಡೇ ಮೈಕಾ?!"

ಬಾಗಿಲಲ್ಲೇ ನಿಂತು ವಿಜಯಕುಮಾರ್ ನಕ್ಕುಬಿಟ್ಟ. ಅವನ ಡ್ರಮ್ಸ್ ರೆಕಾರ್ಡ್ ಮಾಡಲೆಂದು ಶಿವಮೊಗ್ಗದ ವಿದ್ಯಾನಗರದಿಂದ ಲ್ಯಾಪ್‌ಟಾಪ್ ತಬ್ಬಿಕೊಂಡು, ಬಸ್ಸಿನಲ್ಲಿ ನಿಂತೇ ಭದ್ರಾವತಿಗೆ ಬಂದಿದ್ದ ಮೈತ್ರಿಗೆ ಮೈಯೆಲ್ಲ ಉರಿಯಿತು.

"ಎರಡ್ರಲ್ಲೇ ನಿಮ್ಮ ಡ್ರಮ್ಸ್ ಪೂರ್ತಿ ಹಿಡೀತೀನಿ. ಬಾರ್ಸೋಕೆ ಬರುತ್ತಲ್ಲ ನಿಮಗೆ?"

"ಸರಿಯಾಗಿ ಕೇಳ್ದೆ ನೋಡವ್ವ!" ಒಳಗಿನಿಂದ ಅವನ ತಾಯಿ ವೀರಮ್ಮ ಗಟ್ಟಿಯಾಗಿ ನಕ್ಕರು.

ಮದುವೆ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸುವ ವಿಜಯನಿಗೆ ದೊಡ್ಡ ತಂಡವೊಂದಕ್ಕೆ ಕಳಿಸಲು ಹತ್ತು ನಿಮಿಷದ ರೆಕಾರ್ಡಿಂಗ್ ಬೇಕಿತ್ತು. ಮೈತ್ರಿ ಗೋಡೆಗೆಲ್ಲ ಕೌದಿ ಇಳಿಬಿಟ್ಟಳು, ಫ್ಯಾನ್ ಆರಿಸಿದಳು, ಸೊಳ್ಳೆಪರದೆಯ ಕೋಲಿಗೆ ಮೈಕ್ ಕಟ್ಟಿದಳು. ನಡುವಿನ ಡ್ರಮ್ಮಿಗೆ ಎರಡೂ ಮೈಕ್ ಒಂದೇ ದೂರದಲ್ಲಿರಬೇಕು. ಅಳೆಯಲು ಟೇಪ್ ಇಲ್ಲ! ವೀರಮ್ಮ ಹೂ ಕಟ್ಟುವ ಬಾಳೆನಾರು ತಂದುಕೊಟ್ಟರು. ಒಂದು ತುದಿ ಅವನು ಹಿಡಿದ, ಇನ್ನೊಂದು ಇವಳು. ಅಳತೆ ಮೂರು ಸಲ ತಪ್ಪಿತು. ಯಾಕೆಂದು ಬಿಡಿಸಿ ಹೇಳಬೇಕೇ?

ಆದರೆ ಮೇಲೆ ತೂಗುವ ಮೈಕಿಗೆ ಮನೆಯ ಸದ್ದೆಲ್ಲ ಬೀಳುತ್ತದೆ. ವೀರಮ್ಮನಿಗೋ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರುವುದೆಂದರೆ ಉಪವಾಸಕ್ಕಿಂತ ಕಷ್ಟ. ಬಾರಿಸುವುದು ಭರದಿಂದ ಸಾಗಿರುವಾಗಲೇ ಅಡುಗೆಮನೆಯಿಂದ ಒಂದು ಮಾತು ತೇಲಿಬರುತ್ತಿತ್ತು. ಅಲ್ಲಿಗೆ ಆ ಸಲದ ರೆಕಾರ್ಡಿಂಗ್, ಆ ಟೇಕ್, ಕೆಟ್ಟಿತು! ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ. ಮೈತ್ರಿ ಪ್ರತಿಯೊಂದನ್ನೂ ಹೆಡ್‌ಫೋನಿನಲ್ಲಿ ಕೇಳಿ ಅಲ್ಲೇ ಅಳಿಸಿಬಿಡುತ್ತಿದ್ದಳು.

ಆರು ಭಾನುವಾರಗಳಲ್ಲಿ 'ನೀವು' ಹೋಗಿ 'ನೀನು' ಆಯಿತು. ಏಳನೆಯ ಭಾನುವಾರ ವೀರಮ್ಮ ಗಾಜನೂರಿನ ತಂಗಿಯ ಮನೆಗೆ ಹೋಗಿದ್ದರು. ಅವತ್ತು ಒಂದೂ ಕಲೆಯಿಲ್ಲದ ಟೇಕ್ ಸಿಕ್ಕಿತು. ಇಬ್ಬರೂ ಕುಣಿದಾಡಿದರು.

ಅದೇ ವಾರ ವೀರಮ್ಮ ಬಚ್ಚಲಲ್ಲಿ ಕುಸಿದರು. ಮತ್ತೆ ಏಳಲಿಲ್ಲ.

ಕಾರ್ಯ ಮುಗಿದ ಮರುದಿನ ವಿಜಯನ ಫೋನ್ ಬಂತು.

"ಮೈತ್ರಿ... ಅಮ್ಮ ಮಧ್ಯ ಮಾತಾಡಿ ಹಾಳು ಮಾಡಿದ್ಲಲ್ಲ, ಆ ಟೇಕ್‌ಗಳು ಕೊಡು. ವಿಡಿಯೋ ತೆಗೆಯೋಕೆ ಫೋನ್ ಎತ್ತಿದ್ರೆ ಸಾಕು, ಸೆರಗು ಮುಚ್ಕೊಂಡು ಓಡೋಳು. ಅವಳ ದನಿ ಎಲ್ಲೂ ಇಲ್ಲ ಕಣೇ..."

"ಹುಡುಕ್ತೀನಿ," ಎಂದಳು.

ಏನನ್ನು ಹುಡುಕುವುದು? ಅಳಿಸಿದ್ದನ್ನು ಮರಳಿ ತೆಗೆಯುವ ಅಂಗಡಿಗಳಿಗೆಲ್ಲ ಎಡತಾಕಿದಳು. ಎಲ್ಲರೂ ಕೈಚೆಲ್ಲಿದರು. *ನಿನ್ನ ಅಮ್ಮನ ದನಿಯನ್ನು ನಾನೇ ಅಳಿಸಿದೆ ಅಂತ ಯಾವ ಬಾಯಲ್ಲಿ ಹೇಳಲಿ?* ಅವನ ಕರೆ ಬಂದಾಗ ಫೋನ್ ಮಗುಚಿಟ್ಟು ಅತ್ತಳು. ಎರಡು ತಿಂಗಳಾದ ಮೇಲೆ ಒಂದು ಮೆಸೇಜ್ ಬಂತು.

'ಕೆಲಸ ಮುಗೀತು, ಸಾವಿನ ಮನೆ ಬೇಡವಾಯ್ತು. ಇರ್ಲಿ ಬಿಡಿ. ನಿಮಗೆ ಒಳ್ಳೇದಾಗ್ಲಿ.'

ಮತ್ತೆ 'ನೀವು'! ಅದೊಂದನ್ನು ತಾಳಲಾರದೆ ಅವಳು ಮೊದಲ ಬಸ್ಸು ಹತ್ತಿದಳು.

ಕೌದಿಗಳು ಇನ್ನೂ ಗೋಡೆಯಲ್ಲೇ ಇದ್ದವು. ಡ್ರಮ್ಸಿನ ಮೇಲೆ ಧೂಳು ಕೂತಿತ್ತು.

"ಒಂದೂ ಇಲ್ಲ ವಿಜಯ್. ಎಲ್ಲಾ ನಾನೇ ಅಳಿಸಿದ್ದೀನಿ, ಅವತ್ತವತ್ತೇ. ಹೇಳೋಕೆ ಧೈರ್ಯ ಬರ್ಲಿಲ್ಲ."

"ಒಂದೂ...?"

"ಒಂದೂ."

"ಅದನ್ನ ಅವತ್ತೇ ಹೇಳಬಾರದಿತ್ತಾ? ಎರಡು ತಿಂಗಳು ಕಾದೆ ಕಣೇ ನಾನು!" ಕೂಗಿದವನು ಗೋಡೆಗೆ ಒರಗಿ ಕುಸಿದು ಕೂತ.

ಅವಳು ಎದುರಿಗೇ ನೆಲದ ಮೇಲೆ ಕೂತಳು. ಕ್ಷಮಿಸು ಎನ್ನಲು ನಾಚಿಕೆಯಾಯಿತು.

"ಒಂದೊಂದನ್ನೂ ಕೇಳಿಸ್ಕೊಂಡೇ ಅಳಿಸಿದ್ದು ನಾನು. ನೀನು ಬಾರಿಸ್ತಿದ್ದೆ, ನಿನಗೆ ಕೇಳಿಲ್ಲ. ನನಗೆ ಎಲ್ಲಾ ನೆನಪಿದೆ. ಮೊದಲನೇ ಭಾನುವಾರ, 'ಅಯ್ಯೋ ಹಾಲು ಉಕ್ಕಿ ಹೋಯ್ತಲ್ಲಪ್ಪ ಶಿವನೇ' ಅಂದ್ರು. ಮೂರನೇದರಲ್ಲಿ ಪಕ್ಕದ ಮನೆಯವರ ಹತ್ರ, 'ನನ್ನ ಮಗ ಬಡಿಯೋದು ಗಲಾಟೆ ಅಲ್ಲ ಮಾರಾಯ್ತಿ, ಅದು ಅವನ ಉಸಿರು,' ಅಂದ್ರು."

ವಿಜಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಮ್ಮ ಒಮ್ಮೆಯೂ ಅವನೆದುರು ಹಾಗೆ ಹೊಗಳಿರಲಿಲ್ಲ.

"ಇನ್ನೂ... ಇನ್ನೂ ಹೇಳು."

"ಐದನೇ ಭಾನುವಾರದ್ದು ಬೇಡ."

"ಹೇಳು ಮೈತ್ರಿ!"

"'ಈ ಹುಡುಗಿ ಸಾಯಂಕಾಲ ಹೊರಟ್ಹೋದ್ರೆ ಮನೆ ಭಣ ಭಣ ಅನ್ನುತ್ತೆ. ಇವನಿಗೆ ಬಾಯಿಲ್ಲ, ಇಲ್ಲೇ ಇರ್ತೀಯಾ ಅಂತ ನಾನೇ ಕೇಳ್ಬೇಕೇನೋ,' ಅಂದ್ರು. ನಿನಗೆ ಕೇಳಿಬಿಟ್ರೆ ಅಂತ ಭಯ ಆಗಿ ಅದನ್ನ ಎಲ್ಲಕ್ಕಿಂತ ಬೇಗ ಅಳಿಸಿದೆ..."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸರಿದು ಬಂದು ಅವಳ ಕೈ ಹಿಡಿದ.

"ಅಮ್ಮ ಕೇಳೋದು ಉಳಿದುಹೋಯ್ತು. ನಾನು ಕೇಳ್ಲಾ?"

ಮೈತ್ರಿ ಹೂಂ ಎಂದು ತಲೆಯಾಡಿಸಿದಳು.

"ಅಮ್ಮ ಅಂದಂಗೇ ಇನ್ನೊಂದ್ಸಲ ಹೇಳು. ಹಾಲು ಉಕ್ಕಿದ್ದು."

ಅವಳು ಕಣ್ಣೊರೆಸಿಕೊಂಡು ಹೇಳಿದಳು.

"ಹಂಗಲ್ಲ... 'ಶಿವನೇ' ಅನ್ನೋದನ್ನ ಅಮ್ಮ ಇನ್ನೂ ಎಳೀತಿದ್ಲು."

"ಹೇಳ್ಕೊಡು, ಕಲೀತೀನಿ."

"ತುಂಬಾ ದಿನ ಹಿಡಿಯುತ್ತೆ."

"ಹಿಡೀಲಿ."